ಒಂಬತ್ತು ಟಿಕಳಿ

ಕಪಾಟಿನ ಹಲಗೆಗೆ ಒಂಬತ್ತು ಟಿಕಳಿ ಅಂಟಿಸಿದ್ದೇನೆ,
ನಾನು ಹಣೆಗಿಡುವ ಪಾಕೀಟಿನವೇ, ಮರೂನ್ ಬಣ್ಣ.
ತಿಂಗಳ ಮೊದಲ ಸೋಮವಾರ
ಫ್ಲಾಸ್ಕುಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ
ಮೀಟರಿನ ಬಿಳಿ ಬಟ್ಟಲನ್ನು
ಒಂದೊಂದು ಟಿಕಳಿಯ ಮೇಲೂ ಕೂರಿಸಬೇಕು.
ಬೆರಳಗಲ ಆಚೀಚೆಯಾದರೂ ಲೆಕ್ಕ ಬೇರೆ.

ಹಾರವಾಡದ ಈ ಸಿಗಡಿಮರಿ ಕೇಂದ್ರದಲ್ಲಿ
ಸೂರ್ಯನಿಗೆ ಪ್ರವೇಶವಿಲ್ಲದ ಕೋಣೆ ನನ್ನದು.
ಕಿಟಕಿಗೆ ಥರ್ಮಾಕೋಲು. ಇಪ್ಪತ್ನಾಲ್ಕು ಡಿಗ್ರಿ.
ಸೋಸಿದ ಸಮುದ್ರ ಗಾಜಿನ ಬುರುಡೆಗಳಲ್ಲಿ
ಗುಳುಗುಳು ಎನ್ನುತ್ತಿರುತ್ತದೆ.
ಅದರಲ್ಲಿ ಕಣ್ಣಿಗೆ ಕಾಣದ ಪಾಚಿ
ತೆಳು ಚಹಾದ ಬಣ್ಣಕ್ಕೆ ತಿರುಗುವುದನ್ನು
ಕಾಯುವುದೇ ಕೆಲಸ.
ಸಿಗಡಿಮರಿ ಬಾಯಿ ಬಿಟ್ಟಾಗ ಮೊದಲ ತುತ್ತು ಅದು.

ಕಳೆದ ಕಾರ್ತಿಕದಲ್ಲಿ ಆ ಬಣ್ಣ ಬರಲಿಲ್ಲ.
ಉಪ್ಪು ನೋಡಿದೆ. ಗೊಬ್ಬರದ ಹೊಸ ಬಾಟಲಿ ಒಡೆದೆ.
ಗಾಳಿಯ ನಳಿಗೆಗಳನ್ನು ಕುದಿಸಿದೆ.
ಕೈ ತೊಳೆಯದೆ ಒಳಗೆ ಬಂದಿರಬೇಕೆಂದು
ಕಾವಲಿನ ಪುರ್ಸುವಿನ ಜೊತೆ ಜಗಳವಾಡಿ
ಮಾತು ಬಿಟ್ಟೆ.
ಟ್ಯೂಬುಗಳತ್ತ ನೋಡಲೇ ಇಲ್ಲ.
ನೋಡಿದ್ದರೂ ಏನು,
ಉರಿಯುತ್ತಿದ್ದವು.

ಕಣ್ಣು ಬಲು ದಾಕ್ಷಿಣ್ಯದ ಪ್ರಾಣಿ.
ದಿನಕ್ಕೊಂದು ಚಿಟಿಕೆ ಬೆಳಕು ಕಡಿಮೆಯಾದರೆ
ತಾನೇ ಒಂದು ಚಿಟಿಕೆ ಬಾಗಿಲು ಅಗಲಿಸಿ
ಏನೂ ಆಗಿಲ್ಲ ಅಂದುಬಿಡುತ್ತದೆ.
ಪಾಚಿಗೆ ಆ ಸ್ವಭಾವ ಇಲ್ಲ.

ಹೊಸದಿದ್ದಾಗ ಮೂರು ಸಾವಿರದ ನಾನೂರು.
ಮೀಟರು ತರಿಸಿ ನೋಡಿದರೆ
ನಡುವಿನ ಟಿಕಳಿಯಲ್ಲಿ ಎರಡು ಸಾವಿರದ ಹತ್ತು.
ಮೂಲೆಯದು ಬರೆಯಲೂ ನಾಚಿಕೆ.

ಆತುರ ಬೇಡ. ಆರಿಸಿ, ಬಟ್ಟೆಯಲ್ಲಿ ಒರೆಸು.
ಕಡಲಗಾಳಿ ಹೊದಿಸಿದ ಉಪ್ಪಿನ ಪರೆಯೇ
ಇನ್ನೂರು ಲಕ್ಸ್ ನುಂಗಿರುತ್ತದೆ.
ಮತ್ತೆ ಹಚ್ಚಿ ಅರ್ಧ ತಾಸು ಕೂತಿರು.
ಐಸ್ ಫ್ಯಾಕ್ಟರಿಯ ಮೋಟಾರು ಗುಡುಗಿದಾಗ
ಅಂಕೆಗಳು ಕುಣಿಯುತ್ತವೆ, ಅದೂ ತಣಿಯಲಿ.
ಇಷ್ಟಾದ ಮೇಲೂ ನೂರಕ್ಕೆ ಎಪ್ಪತ್ತು ಮುಟ್ಟದಿದ್ದರೆ
ತೆಗೆಯಬೇಕು. ಅಷ್ಟೇ.

"ಉರೀತಾ ಉಂಟಲ್ಲ, ಎಂತಕ್ಕೆ ತೆಗೀಬೇಕು?"
ಪೆಡ್ನೇಕರರದು ಪ್ರತಿ ಸಲದ ಪ್ರಶ್ನೆ.
ಇಪ್ಪತ್ತೇಳು ಟ್ಯೂಬಿನ ಬಿಲ್ಲು ಅವರ ಕೈಯಲ್ಲಿ.
ನಾನು ಮೀಟರು ತೋರಿಸಿದರೆ
ಅವರು ಕನ್ನಡಕ ಹಣೆಗೇರಿಸಿ
ಟ್ಯೂಬನ್ನೇ ದಿಟ್ಟಿಸಿ
"ನಂಗಂತೂ ಚೊಲೋ ಕಾಣ್ತದೆ" ಅನ್ನುತ್ತಾರೆ.
"ನೀವು ಪಾಚಿ ಅಲ್ಲವಲ್ಲ" ಅಂದುಬಿಟ್ಟೆ.
ಬಾಗಿಲಲ್ಲಿ ಪುರ್ಸು ನಕ್ಕ.
ನಮ್ಮಿಬ್ಬರ ಮಾತು ಮತ್ತೆ ಶುರುವಾದದ್ದು ಹಾಗೆ.

ಹೊಸ ಟ್ಯೂಬಿನ ತುದಿಗೆ ಮಾರ್ಕರಿನಲ್ಲಿ ತಾರೀಕು ಬರೆದೆ.
ಹಳೆಯವನ್ನು ಹೊರಗೆ ಒರಗಿಸಿಟ್ಟಿದ್ದೆ.
ದಂಡೆಯ ದೇವಕು ಹರಿಕಂತ್ರ
"ಸತ್ತವೇನೇ ಇವು?" ಎಂದು ಕೇಳಿ
ಎರಡು ಹೊತ್ತುಕೊಂಡು ಹೋದಳು,
ಸೌದೆಯ ಹಾಗೆ ಕಂಕುಳಲ್ಲಿ.

ಒಂದು ಸಂಜೆ ಮೀಟರು ಚೀಲದಲ್ಲೇ ಉಳಿದಿತ್ತು.
ಅವಳ ಬಲೆಯ ಮಾಡಿನಲ್ಲಿ, ಮೊಣಕಾಲ ಹತ್ತಿರ,
ಬಿಳಿ ಬಟ್ಟಲು ಇಟ್ಟು ನೋಡಿದೆ. ಟಿಕಳಿ ಇಲ್ಲದೆ,
ಸುಮ್ಮನೆ.
"ಎಷ್ಟು ಬಂತೇ?"
"ಇನ್ನೂರ ಅರವತ್ತು."
"ಅಷ್ಟೆಲ್ಲ ಯಾರಿಗೆ ಬೇಕು? ಒಂದು ಆರಿಸು,
ಕರೆಂಟು ಬಿಲ್ಲು ನೀ ಕೊಡ್ತೀಯಾ?"

ಆರಿಸಿದೆ.
ನೂರ ಮೂವತ್ತೊಂದು.
ಅವಳು ತಲೆ ಎತ್ತದೆ ಸೂಜಿ ಓಡಿಸುತ್ತಿದ್ದಳು,
ಪುರ್ಸುವಿನ ಮದುವೆಯ ಸುದ್ದಿ ಹೇಳುತ್ತ,
ಬಲೆಯ ಒಂದು ಕಣ್ಣೂ ತಪ್ಪದೆ.