ಗ್ಯಾಸಿನ ಮಾತ್ರೆ

ದಡದಲ್ಲಿ ಡಬ್ಬಿ ಗಲಗಲ ಅನ್ನುತ್ತದೆ.
ಮಲ್ಪೆಯ ಬಾಡಿಗೆ ಕೋಣೆ, ತೆಳು ಗೋಡೆ,
ಆಚೆಗೆ ಮಂಜುಗಡ್ಡೆ ಹೊರುವ ಹುಡುಗರು;
ರಾತ್ರಿ ಒಂಬತ್ತಕ್ಕೆ ಮುಚ್ಚಳ ತಿರುಗಿಸುವಾಗ
ನಾನು ಕೆಮ್ಮುತ್ತೇನೆ, ಬೇಕೆಂದೇ.

ಕಡಲಲ್ಲಿ ಆ ಕಷ್ಟ ಇಲ್ಲ.
ಇಂಜಿನು ಎಲ್ಲರ ಗುಟ್ಟನ್ನೂ ನುಂಗುತ್ತದೆ.

ಹತ್ತು ದಿನದ ಪಯಣ, ಎಂಟು ಜನ, ನಾನು ಭಂಡಾರಿ.
ಕುಚ್ಚಲಕ್ಕಿ, ತೆಂಗಿನಕಾಯಿ, ಮೆಣಸು, ಹುಣಸೆ,
ಬೋಟಿನ ಅಡುಗೆಯ ಲೆಕ್ಕವೆಲ್ಲ ನನ್ನದು.
ಲೆಕ್ಕಕ್ಕೆ ಬರೆಯದ್ದು ಒಂದು:
ಚೀಲದ ತಳದಲ್ಲಿ, ಒಣಗಿದ ಅಂಗಿಯ ಮಡಿಕೆಯಲ್ಲಿ,
ಪ್ಲಾಸ್ಟಿಕ್ಕು ಸುತ್ತಿದ ಬಿಳಿ ಡಬ್ಬಿ.

ಅಜ್ಜರಕಾಡು ಆಸ್ಪತ್ರೆಯ ಲವೀನಾ ಮೇಡಂ ಹೇಳಿದ್ದರು:
ಉಪ್ಪುಗಾಳಿ ತಾಗಿಸಬೇಡ,
ಬೇರೆ ಡಬ್ಬಿಗೆ ಸುರಿಯಬೇಡ,
ಒಳಗಿರುವ ಆ ಸಣ್ಣ ಪೊಟ್ಟಣ ಮದ್ದಲ್ಲ, ಮತ್ತೆ ತಿಂದುಬಿಟ್ಟೀಯ.
ಹತ್ತು ದಿನಕ್ಕೆ ಇಪ್ಪತ್ತು ಒಯ್ಯಿ;
ಕಡಲೇನು ನಿನ್ನ ಮಾತು ಕೇಳುತ್ತದಾ?

ಮೂರು ಮದ್ದು, ಒಂದೇ ಗುಳಿಗೆ.
ನನಗೆ ತಿಳಿದದ್ದು ಬಲೆಯ ಭಾಷೆಯಲ್ಲಿ:
ಒಂದು ರಾತ್ರಿ ತಪ್ಪಿದರೆ ಬಲೆಯ ಒಂದು ಕಣ್ಣು ಹರಿದಂತೆ,
ಹರಿದಲ್ಲಿ ನುಸುಳಿದ ಮೀನು
ತನ್ನ ಮರಿಗಳಿಗೂ ದಾರಿ ಹೇಳಿಕೊಡುತ್ತದೆ.
ಮರೆತರೆ, ನೆನಪಾದ ಕೂಡಲೇ ನುಂಗು,
ಎರಡೆರಡು ನುಂಗಿ ಸರಿದೂಗಿಸಲು ಹೋಗಬೇಡ
ಎಂದದ್ದು ಮಾತ್ರ ಬಲೆಗೆ ಸಿಗಲಿಲ್ಲ.
ಅದನ್ನು ಹಾಗೆಯೇ ಬಾಯಿಪಾಠ ಮಾಡಿದೆ.

ಮೊದಲ ವರ್ಷವೇ ತಾಂಡೇಲ ದೂಮಣ್ಣ ಕೇಳಿದ್ದ,
ಅದೆಂಥದ್ದು ದಿನಾ?
ಗ್ಯಾಸಿಂದು, ಅಂದಿದ್ದೆ.
ಸುಳ್ಳು ಸಣ್ಣದಿತ್ತು, ಸೊಂಟಕ್ಕೆ ಸಿಕ್ಕಿಸುವಷ್ಟು.

ಈ ಸಲ ಗಾಳಿ ಎದ್ದಿತು.
ಕಾರವಾರದ ಬಂದರಿನಲ್ಲಿ ಲಂಗರು.
ಬೋಟಿಗೆ ಬೋಟು ಉಜ್ಜುವ ಸದ್ದು ಬಿಟ್ಟರೆ ಮೌನ;
ಹದಿಮೂರನೆಯ ರಾತ್ರಿ, ಒಂಬತ್ತು ಗಂಟೆ,
ಇಂಜಿನು ನಿಂತದ್ದೇ ಮರೆತು ಮುಚ್ಚಳ ತಿರುಗಿಸಿದೆ.
ಗಲಗಲ.

ದೂಮಣ್ಣ ಎದೆ ಉಜ್ಜಿಕೊಳ್ಳುತ್ತ ಬಂದ, ಹುಳಿತೇಗಿನ ಮುಖ.
"ಎಂಕ್ಲಾ ಒಂಜಿ ಕೊರ್ಲ ಮಾರಾಯ."
ಕೈ ಚಾಚಿದ.
ಹಗ್ಗ ಎಳೆದೆಳೆದು ಗೆರೆಗಳೇ ಸವೆದ ಅಂಗೈ.

ಕೊಟ್ಟರೆ, ನನ್ನ ಮದ್ದು ಅವನ ಹೊಟ್ಟೆಗೆ.
ಕೊಡದಿದ್ದರೆ, ಗ್ಯಾಸಿನ ಮಾತ್ರೆಗೂ ಜಿಪುಣನಾದ ಭಂಡಾರಿ.
ನಿಜ ಹೇಳಬೇಕೆಂದರೆ ಗ್ಯಾಸಿನ ಮದ್ದಿಗೂ ಇದಕ್ಕೂ ಆಗಿಬರುವುದಿಲ್ಲ;
ಎರಡರ ನಡುವೆ ತಾಸುಗಟ್ಟಲೆ ಅಂತರವಿರಲಿ, ಕೇಳದೆ ತಿನ್ನಬೇಡ
ಎಂದು ಮೇಡಂ ಚೀಟಿಯಲ್ಲೇ ಬರೆದಿದ್ದರು.
ನಾನೋ, ವೈರಿಯ ಹೆಸರನ್ನೇ ಇದಕ್ಕೆ ಇಟ್ಟಿದ್ದೆ.

ಇದು ಗ್ಯಾಸಿಂದಲ್ಲ ದೂಮಣ್ಣ, ಅಂದೆ.
ಆಮೇಲೆ ಆ ಮೂರು ಇಂಗ್ಲಿಷ್ ಅಕ್ಷರ.

ಚಾಚಿದ ಕೈ ಗಾಳಿಯಲ್ಲೇ ಉಳಿಯಿತು ಸ್ವಲ್ಪ ಹೊತ್ತು.
ನಾನೇ ಗಡಿಬಿಡಿಯಲ್ಲಿ ಮಾತಾಡಿದೆ:
ಈಗ ರಕ್ತದಲ್ಲಿ ಕಾಣುವುದಿಲ್ಲ,
ಮೇಡಂ ಕಾಗದ ತೋರಿಸಿದ್ದಾರೆ,
ನಿನ್ನ ಪರದೆಯಲ್ಲಿ ಮೀನು ಕಾಣದಿದ್ದಾಗ ಕಡಲು ಬರಿದೇನಲ್ಲವಲ್ಲ,
ಹಾಗೆ; ಒಳಗೆಲ್ಲೋ ಇದೆ, ಮಲಗಿದೆ,
ಅದಕ್ಕೇ ಬಲೆ ಎತ್ತುವ ಹಾಗಿಲ್ಲ, ಒಂದು ರಾತ್ರಿಯೂ.
ಅನ್ನದಿಂದ ಬರುವುದಿಲ್ಲ. ತಟ್ಟೆಯಿಂದ ಬರುವುದಿಲ್ಲ.

ಅವನು ಏನೂ ಅನ್ನದೆ ವೀಲ್‌ಹೌಸಿಗೆ ಹತ್ತಿಹೋದ.
ಕತ್ತಲಲ್ಲಿ ಬೀಡಿಯ ಕೆಂಪು ಎರಡು ಸಲ ದೊಡ್ಡದಾಯಿತು.
ನಾನು ನೀರು ಕುಡಿದು ಗುಳಿಗೆ ನುಂಗಿದೆ.
ಏನೇ ಆಗಲಿ, ಒಂಬತ್ತು ಒಂಬತ್ತೇ.

ನಿದ್ದೆ ಬರಲಿಲ್ಲ. ನಾಳೆ ಸೌಟು ಯಾರ ಕೈಗೆ,
ಹೊನ್ನಾವರದ ಬಸ್ಸಿಗೆ ಎಷ್ಟು ದುಡ್ಡು,
ಇಂಥವೇ.

ಬೆಳಿಗ್ಗೆ ಬಂಗುಡೆ ಪುಳಿಮುಂಚಿ.
ಏಳು ತಟ್ಟೆ ಇಟ್ಟೆ, ನನ್ನದು ದೂರ.
ದೂಮಣ್ಣ ಕೊನೆಗೆ ಬಂದ. ಕೂತ. ಉಂಡ.
ಉಪ್ಪು ಜಾಸ್ತಿ ಎಂದು ಎಂದಿನ ಹಾಗೆ ಬೈದ,
ತಟ್ಟೆಯನ್ನು ಮುಂದೆ ನೂಕಿದ:
ಇನ್ನೊಂದು ಸೌಟು.

ಮಧ್ಯಾಹ್ನ ಯಾರೂ ಇಲ್ಲದಾಗ ಡಬ್ಬಿ ತೆಗೆದು ಎಣಿಸಿದೆ.
ಏಳು.
ಗಾಳಿ ಇನ್ನೂ ಇಳಿದಿರಲಿಲ್ಲ.