ನೀರಿನ ಉಪಚಾರ

ಹತ್ತು ಕಿಲೋದ ಚೀಲ, ಆದರೆ
ಹಾಸಿಗೆಯಷ್ಟು ದೊಡ್ಡದು.
ಎತ್ತಲು ಬಾಗಿದ ತಾಹೇರಾ ಹಿಂದಕ್ಕೆ ವಾಲಿದಳು,
ಭಾರಕ್ಕೆಂದು ತಂದ ಬಲವೆಲ್ಲ ದಂಡವಾಗಿ.
"ಏನಿಲ್ರಿ ಇದರಾಗ, ಬರೇ ಗಾಳಿ!"

ಗಾಳಿಯಲ್ಲ.
ಘಟಪ್ರಭೆಯ ದಂಡೆಯ ಮರಳಿಗೆ ದಾಯಾದಿ,
ಉರಿಯಲ್ಲಿ ಹುಟ್ಟಿ ಹೊಗೆಯ ಗುಣ ಕಲಿತದ್ದು.
ಕಟ್ಟು ಬಿಚ್ಚಿದರೆ ಮುಖಕ್ಕೇ ಏರುತ್ತದೆ,
ರೆಪ್ಪೆಯ ಮೇಲೆ ಕೂತು ಕಣ್ಣೊಣಗಿಸುತ್ತದೆ.
"ಮಾಸ್ಕ್ ಏರಿಸವಾ ಮೊದಲ."

ಉದ್ಯಮಬಾಗದ ಒಳಓಣಿ, ತಗಡಿನ ಶೆಡ್ಡು.
ಪಕ್ಕದಲ್ಲಿ ಲೇತಿನ ಕಿರುಚು, ಎದುರಿಗೆ ಫೌಂಡ್ರಿ.
ನಾವು ಮಾಡುವುದು ಬಣ್ಣಕ್ಕೆ ಬೆನ್ನೆಲುಬು:
ಗೋಡೆಗೆ ಬಳಿದದ್ದು ಗೋಡೆಯಲ್ಲೇ ನಿಲ್ಲಲಿ,
ಜಾರಿ ನೆಲ ಸೇರದಿರಲಿ ಎಂಬಷ್ಟು.
ಹದಿನಾಲ್ಕು ವರ್ಷ. ಹಾಜರಿ ಪುಸ್ತಕದಲ್ಲಿ ನಾನು
ಸುಗಂಧಾ ಚೌಗುಲಾ, ಮಿಕ್ಸಿಂಗ್.

ಹೊಸಬರಿಗೆ ಮೊದಲ ದಿನ ಮೂರು ಗಾಜಿನ ಭರಣಿ.
ಟರ್ಪೆಂಟೈನ್, ಸ್ಪಿರಿಟ್,
ಬ್ಯಾಟರಿಗೆ ಹಾಕುವ ಶುದ್ಧ ನೀರು.
ಪುಡಿಯ ಅಳತೆ ಒಂದೇ, ಕೋಲು ಒಂದೇ,
ನೂರು ಸುತ್ತು ಎಣಿಸಿ ಕಲಕಬೇಕು.

ಕೈ ನಿಲ್ಲಿಸಿದ್ದೇ ತಡ
ಟರ್ಪೆಂಟೈನು ಮೊಂಡು ಹಿಡಿಯಿತು, ಕೋಲು ನೆಟ್ಟಗೆ ನಿಂತಿತು.
ಭರಣಿಯನ್ನು ಅವಳ ತಲೆಯ ಮೇಲೆ ಬೋರಲು ಹಿಡಿದೆ.
ಕಣ್ಣು ಮುಚ್ಚಿದಳು. ಒಂದು ಹನಿ ಬೀಳಲಿಲ್ಲ.
ಸ್ಪಿರಿಟ್ಟು ಹರಿಯುತ್ತಲೇ ಇತ್ತು,
ನೀರೂ ಅಷ್ಟೇ, ತಿಳಿ ಗಂಜಿಯ ಹಾಗೆ ತುಸು ಮಬ್ಬಾಗಿ.

"ಅದರಾಗ ಕೂಡ್ತಾವು. ನೀರಾಗ ಯಾಕ ಕೂಡಂಗಿಲ್ರಿ?"

ಪುಸ್ತಕದ ಉತ್ತರ ಉದ್ದ. ನಾನಂದೆ:
ಕಣದ ಮೈತುಂಬ ಕೈಗಳು ಅನ್ಕೋ.
ನೀರು ಭಾಳ ಉಪಚಾರದ್ದು,
ಬಂದವರ ಕೈ ಹಿಡಿದು, ಬಾ, ಕೂಡು,
ಉಂಡೇ ಹೋಗು ಅಂತೈತಿ.
ಒಂದು ಕೈಯೂ ಖಾಲಿ ಉಳಿಯಂಗಿಲ್ಲ,
ಪಕ್ಕದ ಕಣ ಪರದೇಶಿ.
ಟರ್ಪೆಂಟೈನು 'ಬಂದಿ?' ಅಂತಲೂ ಕೇಳಂಗಿಲ್ಲ.
ಅಲ್ಲಿ ಕಣಕ್ಕ ಕಣಾನೇ ಗತಿ.
ಕೈಗೆ ಕೈ, ಸರಪಳಿಗೆ ಸರಪಳಿ, ಕಡೀಕ ಬಲಿ.
ಆ ಬಲ್ಯಾಗ ಭರಣಿ ಎಣ್ಣಿ ಎಲ್ಲಾ ಸೆರಿ.

"ಹಂಗಾರ ನಮ್ಮ ಅತ್ತಿ ಮನಿ ಟರ್ಪೆಂಟೈನ್ರಿ," ಎಂದು ನಕ್ಕಳು.
"ಅದಕ್ಕ ನಾವ್ ಮೂರೂ ಸೊಸ್ತೇರು ಇಷ್ಟು ಗಟ್ಟಿ."

ನಾನು ನಗಲಿಲ್ಲ ಕೂಡಲೇ.
ನಾನು ಹೊಕ್ಕ ಮನೆಯಲ್ಲಿ
ಉಪಚಾರಕ್ಕೆ ಕಡಿಮೆಯಿರಲಿಲ್ಲ.
ವಾರಗಿತ್ತಿಯ ಕೈ
ಬಿಸಿಯೋ ತಣ್ಣಗೋ, ನನಗೆ ಇಂದಿಗೂ ತಿಳಿಯದು.
ಇರಲಿ. ಹೋಲಿಕೆ ತಕ್ಕಡಿಗೆ ನಿಲ್ಲುವುದಿಲ್ಲ,
ಕಣಗಳಿಗೆ ಅಡುಗೆಮನೆ ಇರುವುದಿಲ್ಲ.

ಮಧ್ಯಾಹ್ನ ಅವಳು ಪೇರಲ ತಿಂದಳು,
ಕಾಗದದ ಪೊಟ್ಟಣದಲ್ಲಿ ಉಪ್ಪು ಖಾರ.
ಉಳಿದದ್ದನ್ನು ಎಲ್ಲಿ ಚೆಲ್ಲಿದಳೋ ನೋಡಲಿಲ್ಲ.

ನಾಲ್ಕಕ್ಕೆ ಮೂರನೇ ಗೇಟು ದಾಟಿ
ಲೋಂಡಾ ಕಡೆಗೆ ಗೂಡ್ಸು ಹೋಯಿತು.
ತಗಡು ಝಲ್ಲೆಂದಿತು. ಕಿಟಕಿಗೆ ಒರಗಿಸಿಟ್ಟ
ಟರ್ಪೆಂಟೈನಿನ ಭರಣಿಯಲ್ಲಿ
ಅಷ್ಟು ಹೊತ್ತು ಹಿಡಿದ ಕೈಗಳು ಸಡಿಲಿದವು,
ಬಿಳುಪು ನಿಧಾನ ಒಂದು ಬದಿಗೆ ಜಾರಿತು.
ಕಡೆಯ ಡಬ್ಬಿ ದಾಟಿತು.
ಎಲ್ಲಿಗೆ ಬಂದಿತ್ತೋ ಅಲ್ಲೇ, ಅರ್ಧ ಜಾರಿದಲ್ಲೇ,
ಮತ್ತೆ ಕೂಡಿಕೊಂಡವು.
ನೆಟ್ಟಗಿಟ್ಟರೂ ಅದರ ಮುಖ ಓರೆಯೇ.
"ಸಿಟ್ಟು ಬಂದೈತಿ ಅದಕ್ಕ," ಎಂದಳು ತಾಹೇರಾ.

ಮರುದಿನ ಬೀಗ ತೆಗೆದದ್ದು ನಾನೇ.
ಸ್ಪಿರಿಟ್ಟು ಇನ್ನೂ ಹರಿಯುತ್ತಿತ್ತು.
ನೀರು ನಿಂತಿತ್ತು.
ಅಲುಗಿಸಿದೆ, ನಡುಗಿತು, ಹರಿಯಲಿಲ್ಲ.
ನಟ್ಟನಡುವೆ, ತಳಕ್ಕೂ ಇಳಿಯದೆ ಮೇಲಕ್ಕೂ ಬಾರದೆ
ಖಾರದ ಕೆಂಪು ಚೂರುಗಳು ಏಳೆಂಟು
ತೂಗುತ್ತಿದ್ದವು ಇದ್ದಲ್ಲೇ.

ಒಂದು ಚಿಟಿಕೆ ಉಪ್ಪು
ಕಣಗಳ ನಡುವಿನ ಹಳೆಯ ಮುನಿಸನ್ನು ಅಳಿಸಿತ್ತು,
ಉಪಚಾರದ ಕೈಯನ್ನು ಮೆಲ್ಲಗೆ ಬಿಡಿಸಿತ್ತು.
ಉಪ್ಪಿಗೆ ಇದು ಗೊತ್ತೆಂದು ನನಗೂ ಗೊತ್ತಿತ್ತು.
ಹದಿನಾಲ್ಕು ವರ್ಷ
ಒಂದು ಸಲವೂ ಹಾಕಿ ನೋಡಿರಲಿಲ್ಲ.

ವಹಿ ತೆರೆದೆ. 'ನೀರು' ಎಂಬಲ್ಲಿ
ಸಾಲಾಗಿ ಕೆಳಗಿನವರೆಗೆ ನನ್ನದೇ ಅಕ್ಷರ:
ಇಲ್ಲ, ಇಲ್ಲ, ಇಲ್ಲ.
ಅವುಗಳ ಕೆಳಗೆ 'ಹೌದು' ಎಂದು ಬರೆದು,
ಷರಾ ಬರೆಯುವ ಮನೆಯಲ್ಲಿ
ತುಸು ಯೋಚಿಸಿ, ಬರೆದೆ:
ಪೇರಲ.