ಹದಿನೇಳನೆಯ ಪುಟ

ಸಹಮ್ ಪೇಟೆಯಲ್ಲಿ, ಮೀನು ಮಾರುಕಟ್ಟೆಗೆ ಬೆನ್ನು ಹಾಕಿ,
ನನ್ನ ಟೈಪಿಂಗ್ ಸೆಂಟರು. ಒಂದು ಏಸಿ, ಎರಡು ಕೀಬೋರ್ಡು.
ಅರಬಿ ಅಕ್ಷರ ಬಲದಿಂದ ಹೊರಡುತ್ತದೆ,
ಬೈಂದೂರಿನ ನನ್ನ ಕಣ್ಣು ಎಡದಿಂದ.
ಇಪ್ಪತ್ತೊಂದು ವರ್ಷದಲ್ಲಿ ನಡುವೆಲ್ಲೋ ರಾಜಿಯಾಗಿದ್ದೇವೆ.

ಜುವೈನಾ ಬಂದದ್ದು ರಂಜಾನಿಗೆ ಒಂದು ವಾರವಿರುವಾಗ.
ಅಪ್ಪ ಬಿಟ್ಟುಹೋದ ಟಾರ್ಪಾಲಿನ ಅಂಗಡಿ ಅವಳದು,
ಹೊಲಿಗೆಗೆ ಉಚ್ಚಿಲದ ಮೋನಬ್ಬ.
ಕೈಯಲ್ಲಿ ಬಲದಿಯಾದ ಟೆಂಡರು ಪ್ರಕಟಣೆ:
ಮೀನು ಹರಾಜು ಕಟ್ಟೆಗೆ, ವಾಹನ ನಿಲ್ದಾಣಕ್ಕೆ, ನೆರಳು ಬಟ್ಟೆ.
"ಇದು ದೊಡ್ಡವರ ಕೆಲಸವಲ್ಲವಾ?" ಅಂದೆ.
"ದೊಡ್ಡವರು ಮೀನಿಗೆ ಡ್ರೈವರನ್ನು ಕಳಿಸುತ್ತಾರೆ" ಅಂದಳು,
"ಅಲ್ಲಿ ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆಂದು
ಡ್ರೈವರನನ್ನು ಯಾರೂ ಕೇಳುವುದಿಲ್ಲ."

ಹೋದ ವರ್ಷವೂ ಹಾಕಿದ್ದಳು. ದರ ಕಡಿಮೆ, ಬಟ್ಟೆ ಒಳ್ಳೆಯದು.
ಲಕೋಟೆ ತೆರೆದವರು ಹದಿನೇಳನೆಯ ಪುಟದಲ್ಲಿ ನಿಂತರು.
ಮೊಹರಿಲ್ಲ.
ಕಾಗದ ಜೋಡಿಸಿ ಮೊಹರೊತ್ತಿದ್ದವನು ನಾನು.
ಪುಟಕ್ಕೆ ಪುಟ ಅಂಟಿತ್ತು, ಸೆಕೆಗೋ, ಚಹಾದ ಸಕ್ಕರೆಗೋ.
ಅವಳು ಬೈಯಲಿಲ್ಲ.
ಬೈದಿದ್ದರೆ ಎಂಟು ರಿಯಾಲು ವಾಪಸು ಕೊಟ್ಟು ಮುಗಿಸುತ್ತಿದ್ದೆ.

ಈ ಸಲ ಸಭೆಗೆ ನಾನೇ ಫೈಲು ಹೊತ್ತು ಹೋದೆ.
ಮಸ್ಕತಿನ ನಾಲ್ಕು ಕಂಪನಿ, ನಾಲ್ಕು ಟೈ,
ನೀರಿನ ಬಾಟಲಿಗಳೂ ಅವರತ್ತಲೇ ಮುಖ ಮಾಡಿದ್ದವು.
ಪ್ರಶ್ನೆಯಿದೆಯೇ ಎಂದರು. ಟೈಗಳಿಗೆ ಇರಲಿಲ್ಲ.
ಜುವೈನಾ ನಕ್ಷೆಯನ್ನು ತಿರುಗಿಸಿ ಹಿಡಿದಳು:
"ಕಂಬಗಳನ್ನು ಕಡಲಿಗೆ ಹೆದರಿ ನೆಟ್ಟಿದ್ದೀರಿ.
ಕಡಲ ಗಾಳಿ ನಮ್ಮನೆ ಬೆಕ್ಕು.
ಜೂನಿನ ಗರ್ಬಿ ಬರುವುದು ಬೆನ್ನಿಂದ, ಮರಳ ಕಡೆಯಿಂದ,
ರೊಟ್ಟಿ ಮಗುಚಿದ ಹಾಗೆ ಬಟ್ಟೆ ಎತ್ತುತ್ತದೆ."
ಇಂಜಿನಿಯರು ಪೆನ್ನಿನ ಮುಚ್ಚಳ ಕಚ್ಚಿದ. ಏನೋ ಬರೆದುಕೊಂಡ.
ಹತ್ತು ದಿನಕ್ಕೆ ತಿದ್ದುಪಡಿ ಬಂತು: ನಕ್ಷೆ ಬದಲು,
ಒಂದೇ ಟೆಂಡರು ಎರಡು ತುಂಡು.

ಆಮೇಲಿನದು ಬರೀ ಕಾಗದ.
ನೋಂದಣಿ, ತೆರಿಗೆ, ಬಾಡಿಗೆ ಕರಾರು, ಮೋನಬ್ಬನ ವೀಸಾ,
ಹಿಂದೆ ಮಾಡಿದ ಕೆಲಸಕ್ಕೆ ಸಾಕ್ಷಿ:
ಒಂದು ಮದರಸದ ಅಂಗಳ, ಎರಡು ದೋಣಿಯ ಹೊದಿಕೆ,
ಮಾವನ ಒಂಟೆ ಕೊಟ್ಟಿಗೆಯ ಫೋಟೋ (ಒಂಟೆಯನ್ನು ಕತ್ತರಿಸಿ ತೆಗೆದೆವು).
ಠೇವಣಿಗೆ ಬ್ಯಾಂಕು ಗ್ಯಾರಂಟಿ ಕೇಳಿತು.
ಮರುದಿನ ಅವಳ ಎಡಗೈ ಸದ್ದು ಮಾಡಲಿಲ್ಲ.

ದರ ಬರೆಯುವಾಗ ನಾನು ಸಣ್ಣವನಾದೆ.
"ಮೀಟರಿಗೆ ಇನ್ನೂರು ಬೈಸ ಇಳಿಸಿದರೆ ಗೆಲ್ಲಬಹುದು."
ಮೋನಬ್ಬ ಸೂಜಿಯ ಕಣ್ಣಿಗೆ ಉಗುಳು ಹಚ್ಚಿದ ನೂಲು ಪೋಣಿಸುತ್ತ
ತಲೆ ಎತ್ತದೆ ಹೇಳಿದ:
"ಇಳಿಸಿ ಮಾರಾಯ್ರೆ. ಎಲ್ಲಿಂದ ಇಳಿಸಿದ್ದು ಅಂತ
ಬಟ್ಟೆ ಹರಿದಾಗ ನಾನೇ ತೋರಿಸ್ತೇನೆ."
ಇಳಿಸಲಿಲ್ಲ.

ಆ ರಾತ್ರಿ ನಲವತ್ತಮೂರು ಪುಟ ಎಣಿಸಿದೆ,
ಒಂದೊಂದನ್ನೂ ಊದಿ ಬಿಡಿಸಿ.
ಹದಿನೇಳಕ್ಕೆ ಎರಡು ಮೊಹರು ಬಿತ್ತು.
ಎರಡಿದ್ದರೂ ತಪ್ಪೇ ಎಂದು ಬೆಳಗಿನ ತನಕ ನಿದ್ದೆಯಿಲ್ಲ,
ಮತ್ತೆ ಮುದ್ರಿಸಿದೆ.

ಹರಾಜು ಕಟ್ಟೆ ಅವಳಿಗೆ ಸಿಕ್ಕಿತು. ನಿಲ್ದಾಣ ಟೈಯವರಿಗೆ.
ಹಣ ತೊಂಬತ್ತು ದಿನಕ್ಕೆ ಎಂದಿದ್ದರು, ನೂರ ನಲವತ್ತಾಯಿತು,
ಆ ನಡುವಿನ ಐವತ್ತು ದಿನ ಯಾವ ಶರತ್ತಿನಲ್ಲೂ ಇರಲಿಲ್ಲ.
ಬಟ್ಟೆ ಅಂಗಡಿಯವನು ಸಾಲ ಕೊಟ್ಟ, ಮುಖ ಕೊಡಲಿಲ್ಲ.

ಜೂನಿನಲ್ಲಿ ಗರ್ಬಿ ಬಂತು.
ನಿಲ್ದಾಣದ ಬಟ್ಟೆಯೂ ನಿಂತಿತು, ಸುಳ್ಳು ಹೇಳಬಾರದು.
ಹರಿದದ್ದು ನಮ್ಮದೇ ಒಂದು ಮೂಲೆಯ ಕಣ್ಣು.
ಟೈಯವರಿಗೆ ಫೋನು ಮಾಡಿದ್ದರೆ ಮಸ್ಕತಿನಿಂದ ಹೊರಡಬೇಕಿತ್ತು.
ಮೋನಬ್ಬ ಫಜರಿಗೆ ಮೊದಲೇ ಏಣಿಯ ಮೇಲಿದ್ದ,
ಕೆಳಗೆ ಜುವೈನಾ ಮೊಬೈಲಿನ ಬೆಳಕು ಹಿಡಿದು ನಿಂತಿದ್ದಳು.
ಮೊದಲ ಬುಟ್ಟಿ ಬಂಗುಡೆ ಕಟ್ಟೆಗೆ ಬಿದ್ದಾಗ
ನೆರಳು ತನ್ನ ಜಾಗದಲ್ಲಿತ್ತು.

ನಾನೀಗ ಕರೆಂಟು ಬಿಲ್ಲನ್ನೂ ಊದಿ ನೋಡುತ್ತೇನೆ.
ಒಂದೇ ಹಾಳೆ. ಆದರೂ.